ಬೀಗಿತ್ತಿ ಕೊಟ್ಟ ಸೂಜಿ

ಮದುವೆಮನೆ ಪಂಕ್ತಿಯಲ್ಲಿ ‘ಬೇಡ’ ಅನ್ನುವವರು ಮೊದಲೆಲ್ಲ ಮೂರೇ ಬಗೆ. ಶುಗರ್ ಇರುವವರು, ಏಕಾದಶಿಯವರು, ಬೀಗರ ಮೇಲೆ ಮುನಿಸಿಕೊಂಡವರು. ಈಗ ನಾಲ್ಕನೆಯವರು ಹುಟ್ಟಿಕೊಂಡಿದ್ದಾರೆ. ಹೋಳಿಗೆಯವನು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು, “ಮನಸ್ಸೇ ಇಲ್ಲಪ್ಪ” ಅನ್ನುತ್ತಾರೆ. ಮನಸ್ಸಿಲ್ಲವಂತೆ! ಹೋದ ವರ್ಷ ಇದೇ ಮಹಾನುಭಾವರು ಹೋಳಿಗೆ ದೂರದಲ್ಲಿ ಕಂಡಾಗಲೇ ಪಲ್ಯ ಸರಿಸಿ ಜಾಗ ಮಾಡಿಡುತ್ತಿದ್ದರು.

ಎಲ್ಲ ತೂಕ ಇಳಿಸಲು ಚುಚ್ಚಿಕೊಳ್ಳುವ ವಾರಕ್ಕೊಂದು ಸೂಜಿಯ ಮಹಿಮೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದಿಳಿದವು. ಉಂಡದ್ದು ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುವಂತೆ ಮಾಡಿ, ಮೆದುಳಿಗೆ ‘ಸಾಕು’ ಅಂತ ಹೇಳಿ ಕಳಿಸುವುದು ಇವುಗಳ ಕೆಲಸ. ನಮ್ಮ ಅಮ್ಮಂದಿರಿಗೆ ಜನ್ಮದಲ್ಲಿ ಕೇಳಿಸದ ಮಾತದು. ಈ ವಂಶದ ಹಿರಿಯಣ್ಣ ಎಕ್ಸೆನಟೈಡ್ ಅನ್ನುವ ಶುಗರ್ ಔಷಧಿ. ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕ ಅದಕ್ಕೆ ಮೂಲ ಅಲ್ಲಿನ ಮರುಭೂಮಿಯ ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು. ಇಂದಿನ ಸೂಜಿಗಳಲ್ಲಿ ಹಲ್ಲಿ ಇಲ್ಲ ಬಿಡಿ, ನಮ್ಮದೇ ಕರುಳಿನ ಹಾರ್ಮೋನನ್ನು ನೋಡಿ ಮಾಡಿದ್ದು. ಆದರೂ ಹೆಗಲ ಮೇಲೆ ಹಲ್ಲಿ ಬಿದ್ದರೆ ಪಂಚಾಂಗ ತೆಗೆಯುವ ಜನ ನಾವು. ಸೂಜಿ ಚುಚ್ಚಿಕೊಳ್ಳುವ ಮೊದಲು ಡಾಕ್ಟರ ಚೀಟಿಯನ್ನಾದರೂ ತೆಗೆಯಬೇಡವೆ?

ನಮ್ಮ ಸೋದರತ್ತೆ ತೆಗೆಯಲಿಲ್ಲ. ಮಜ್ಜಿಗೆ ಕೊಡಲು ಅವರು ಫ್ರಿಜ್ ತೆಗೆದಾಗ ಬಾಗಿಲಲ್ಲಿ, ದೋಸೆಹಿಟ್ಟಿನ ಪಾತ್ರೆಗೆ ಎದುರಾಗಿ, ವೆಗೋವಿ ಸೂಜಿಯ ಪೆನ್ನೊಂದು ಕೂತಿತ್ತು.

“ಇದೇನತ್ತೆ?”

“ಬೀಗಿತ್ತಿ ಕೊಟ್ಟಳು ಕಣೋ. ನಾಲ್ಕು ವಾರದ್ದಂತೆ, ಎರಡು ವಾರದ್ದು ಉಳಿದಿತ್ತು. ಅವಳಿಗೆ ಒಗ್ಗಲಿಲ್ಲ, ಬರೀ ವಾಂತಿ. ಸುಮ್ಮನೆ ಯಾಕೆ ಎಸೆಯೋದು ಅಂತ...”

ಬೀಗರ ಮನೆಯಿಂದ ಬಂದದ್ದನ್ನು ಬೇಡ ಅನ್ನಬಾರದು ಅನ್ನುವ ಶಾಸ್ತ್ರವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಸೂಜಿಮೊನೆ ಬದಲಾಯಿಸಿದರೂ ಒಬ್ಬರ ಪೆನ್ನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ರಕ್ತದ ಸೋಂಕು ದಾಟಬಹುದು. ಅದಿರಲಿ, ಪ್ರಮಾಣ ನೋಡಿ. ವೆಗೋವಿಯನ್ನು ಶುರು ಮಾಡುವುದು ವಾರಕ್ಕೆ 0.25 ಮಿಲಿಗ್ರಾಂನಿಂದ. ನಾಲ್ಕು ವಾರ ಕಳೆದ ಮೇಲೆ ಒಂದು ಮೆಟ್ಟಿಲು, ಮತ್ತೆ ನಾಲ್ಕು ವಾರಕ್ಕೆ ಇನ್ನೊಂದು, ಹೀಗೆ 2.4ರ ತನಕ ಹತ್ತುವುದು. ಹೊಟ್ಟೆ ಒಗ್ಗಿಕೊಳ್ಳಲಿ ಅಂತಲೇ ಈ ನಿಧಾನ. ಬೀಗಿತ್ತಿ ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದವರು. ಅತ್ತೆ ನೆಲದಿಂದ ನೇರ ಅಲ್ಲಿಗೇ ಜಿಗಿಯಲು ಹೊರಟಿದ್ದರು. ಸಾಲದ್ದಕ್ಕೆ ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ಬೇರೆ ನುಂಗುತ್ತಾರೆ. ಅದೂ ಇದೂ ಸೇರಿ ಶುಗರ್ ಇಳಿದರೆ ಬೆವರು, ನಡುಕ, ಕೊನೆಗೆ ಪ್ರಜ್ಞೆಯೂ ಹೋದೀತು.

“ಡಾಕ್ಟರನ್ನ ಕೇಳಿದ್ರಾ?”

“ಅವರಿಗೇನು, ನಡೀರಿ ಅಂತಾರೆ. ನಡೆಯೋಕೆ ಅವರ ಮಂಡಿ ಕೊಡ್ತಾರಾ?”

ಉತ್ತರ ಹೊಳೆಯಲಿಲ್ಲ. ಮಂಡಿಯ ವಿಷಯದಲ್ಲಿ ಅತ್ತೆಯದೇ ನ್ಯಾಯ ಅಂತ ಈಗಲೂ ಅನಿಸುತ್ತದೆ. ಬೊಜ್ಜು ಕಾಯಿಲೆ, ಅದಕ್ಕೆ ಔಷಧಿ ಕೇಳುವುದು ನಾಚಿಕೆಯಲ್ಲ. ‘ಬಾಯಿ ಕಟ್ಟಿದರೆ ಆಯ್ತಪ್ಪ’ ಅಂತ ಉಪದೇಶ ಮಾಡುವವರು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಆದರೆ ಹಸಿವು ಕೊಲ್ಲುವ ಔಷಧಿಗಳ ಜಾತಕ ಒಂದಿಷ್ಟು ಗೊತ್ತಿದ್ದವರು ಕದ್ದುಮುಚ್ಚಿ ಚುಚ್ಚಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಜನ ಮುಗಿಬಿದ್ದು ನುಂಗಿದ ‘ಫೆನ್-ಫೆನ್’ ಜೋಡಿಯಲ್ಲಿ ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸುತ್ತದೆ ಅಂತ ತಿಳಿದು 1997ರಲ್ಲಿ ಅಂಗಡಿಯಿಂದ ಹೊರಬಿತ್ತು. ಖಿನ್ನತೆ ತರುತ್ತದೆಂದು ರಿಮೊನಬಂಟನ್ನು ಯುರೋಪಿನವರು 2008ರಲ್ಲಿ ಎತ್ತಿಟ್ಟರು. ಹೃದಯಾಘಾತ, ಪಾರ್ಶ್ವವಾಯುವಿನ ಭಯಕ್ಕೆ 2010ರಲ್ಲಿ ಸಿಬುಟ್ರಮಿನ್ ಯುರೋಪ್, ಅಮೆರಿಕ ಎರಡೂ ಕಡೆ ಹೋಯಿತು, ಆಮೇಲೆ ನಮ್ಮಲ್ಲೂ ನಿಷೇಧವಾಯಿತು. ಹೋಗಿದ್ದೆಲ್ಲಿಗೆ? ‘ಶುದ್ಧ ಗಿಡಮೂಲಿಕೆ, ನೋ ಸೈಡ್ ಎಫೆಕ್ಟ್’ ಅಂತ ಮಾರುವ ತೂಕ ಇಳಿಸುವ ಪುಡಿ-ಕ್ಯಾಪ್ಸೂಲ್‌ಗಳನ್ನು ಪರೀಕ್ಷೆ ಮಾಡಿದಾಗ ಒಳಗೆ ಇದೇ ಮಹಾಶಯ ಮತ್ತೆ ಮತ್ತೆ ಸಿಕ್ಕಿದ್ದಾನೆ.

ಅತ್ತೆಯನ್ನು ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೈಯಲಿಲ್ಲ, ಪ್ರಶ್ನೆ ಹಾಕಿದರು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಮೇದೋಜೀರಕ ಗ್ರಂಥಿ ಊದಿಕೊಂಡಿದ್ದುಂಟೇ, ಪಿತ್ತಕೋಶದಲ್ಲಿ ಕಲ್ಲುಂಟೇ? ಹೆಣ್ಣು ನೋಡಲು ಬಂದವರೂ ವಂಶಾವಳಿ ಇಷ್ಟು ಕೆದಕಿರಲಿಲ್ಲ ಅಂತ ಅತ್ತೆ ಗೊಣಗಿದರು. ಡಾಕ್ಟರು ಎಚ್ಚರಿಕೆಯನ್ನೂ ಹೇಳಿದರು: ತಡೆಯಲಾಗದ ಹೊಟ್ಟೆನೋವು ಬಂದು ಬೆನ್ನಿಗೆ ಹರಿದರೆ ಕಾಯದೆ ಬರಬೇಕು. ಯಾವುದಾದರೂ ಆಪರೇಷನ್ ಇದ್ದರೆ ಸೂಜಿಯ ವಿಷಯ ಮೊದಲೇ ಹೇಳಬೇಕು, ಹೊಟ್ಟೆ ಖಾಲಿಯಾಗುವುದು ತಡವಾದ್ದರಿಂದ ಅರಿವಳಿಕೆ ಕೊಡುವಾಗ ತೊಂದರೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಹಸಿವಿಲ್ಲದಿದ್ದರೂ ಬೇಳೆ, ಕಾಳು, ಮೊಸರು ಬಿಡುವಂತಿಲ್ಲ.

“ಮೊಮ್ಮಗಳ ಮದುವೆ ತನಕ ತಗೊಂಡು ಬಿಟ್ಟುಬಿಡ್ತೀನಿ” ಅಂದರು ಅತ್ತೆ.

ಡಾಕ್ಟರು ನಕ್ಕರು. ಈ ಔಷಧಿಯ ಒಂದು ಪ್ರಯೋಗದಲ್ಲಿ ಬಿಟ್ಟವರಿಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ವಾಪಸ್ ಬಂದಿತ್ತಂತೆ. ಮದುವೆಗೆ ಹೋದದ್ದು ಸೀಮಂತಕ್ಕೆ ಹಾಜರ್. ಗ್ಲಿಮೆಪಿರೈಡ್ ಕಡಿಮೆ ಮಾಡಿ, 0.25ರಿಂದ ಶುರು ಅಂತ ಹೊಸ ಪೆನ್ನು ಬರೆದುಕೊಟ್ಟರು.

ಮನೆಗೆ ಬರುವಷ್ಟರಲ್ಲಿ ಬೀಗಿತ್ತಿಯ ಫೋನು. ಆ ಹಳೇ ಪೆನ್ನು ನೀವು ಮುಟ್ಟಿಲ್ಲ ತಾನೆ, ನಮ್ಮ ನಾದಿನಿಗೆ ಬೇಕಂತೆ.