ದ್ವೀಪಾಥ್ಲೆಟಿಕ್ಸ್ ಸಂಘಗಳ ಲಕ್ಷಣ ಮತ್ತು ಪ್ರಭೇದ

ಯಾವ ಸಂಘದ ಮತ ವಿಶ್ವ ಅಥ್ಲೆಟಿಕ್ಸ್ ಮಹಾಸಭೆಯಲ್ಲಿ ಅಮೆರಿಕದ ಮತದಷ್ಟೇ ತೂಗುತ್ತದೋ, ಆದರೆ ಯಾವುದರ ತಂಡವೆಲ್ಲ ಪದಾಧಿಕಾರಿಗಳ ಸಮೇತ ಒಂದೇ ಜೀಪಿನಲ್ಲಿ ಹಿಡಿಸುತ್ತದೋ, ಅದು ಪುಟ್ಟ ದ್ವೀಪರಾಷ್ಟ್ರದ ಅಥ್ಲೆಟಿಕ್ಸ್ ಸಂಘ. ಇದರಲ್ಲಿ ಅತಿವ್ಯಾಪ್ತಿ ದೋಷವಿದೆ ಎಂದು ಪೂರ್ವಪಕ್ಷದವರು ಏಳುತ್ತಾರೆ: ಸ್ಯಾನ್ ಮರಿನೊಗೂ ಈ ಲಕ್ಷಣ ಹೊಂದುತ್ತದೆ, ಅಲ್ಲಿ ಸಮುದ್ರ ಎಲ್ಲಿದೆ? ಸಮಾಧಾನವಿಷ್ಟೆ: ಸಮುದ್ರವನ್ನು ಓದುಗರು ಅಧ್ಯಾಹಾರ ಮಾಡಿಕೊಳ್ಳತಕ್ಕದ್ದು.

ಮತದ ತೂಕ ಕಡಿಮೆಯದಲ್ಲ. ವರ್ಲ್ಡ್ ಅಥ್ಲೆಟಿಕ್ಸ್‌ನ ಸದಸ್ಯ ಒಕ್ಕೂಟಗಳು 214. 2015ರಲ್ಲಿ ಸೆಬಾಸ್ಟಿಯನ್ ಕೋ, ಸೆರ್ಗೈ ಬುಬ್ಕಾ ಅವರನ್ನು 115–92ರಿಂದ ಸೋಲಿಸಿ ಅಧ್ಯಕ್ಷರಾದರು. ಕೆರಿಬಿಯನ್ ಮತ್ತು ಪೆಸಿಫಿಕ್ ದ್ವೀಪಗಳನ್ನು ಕೂಡಿದರೆ ಆ 23ರ ಅಂತರವನ್ನು ಮೀರುತ್ತವೆ. ಅಧ್ಯಕ್ಷಗಿರಿಯ ಆಸೆಯಿದ್ದವರಿಗೆ ಭೂಗೋಳ ಬಾಯಿಪಾಠವಾಗುವುದು ಹೀಗೆ.

ಇನ್ನು ನೆಲಭೇದ. ತುವಾಲು ವೈಮಾನಿಕ ವರ್ಗದ್ದು. ದೇಶದ ಒಟ್ಟು ನೆಲವೇ 26 ಚದರ ಕಿಲೋಮೀಟರ್. ಆಡಲು ಬಯಲು ಬೇಕೆಂದರೆ ಫುನಾಫುಟಿಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕನ್ನರು ಹಾಕಿದ ವಿಮಾನದ ರನ್‌ವೇ. ಸಂಜೆ ಊರೆಲ್ಲ ಅಲ್ಲೇ. ವಿಮಾನ ಬರುವ ಹೊತ್ತಿಗೆ ಸೈರನ್ ಕೂಗುತ್ತದೆ, ಎಲ್ಲರೂ ಬದಿಗೆ ಸರಿಯುತ್ತಾರೆ. ಬಹಾಮಾಸ್ ದಾನಜ ವರ್ಗ: ನಸ್ಸಾವಿನ ಥಾಮಸ್ ರಾಬಿನ್ಸನ್ ಕ್ರೀಡಾಂಗಣ ಚೀನಾ ಕೊಟ್ಟ ಉಡುಗೊರೆ. ಸೇಂಟ್ ಲೂಸಿಯಾದ್ದು ರೂಪಾಂತರಿ. 2009ರಲ್ಲಿ ಸೇಂಟ್ ಜೂಡ್ ಆಸ್ಪತ್ರೆಗೆ ಬೆಂಕಿ ಬಿದ್ದಾಗ ರೋಗಿಗಳನ್ನು ಜಾರ್ಜ್ ಓಡ್ಲಂ ಕ್ರೀಡಾಂಗಣಕ್ಕೆ ಸಾಗಿಸಿದರು. ತಾತ್ಕಾಲಿಕ ವ್ಯವಸ್ಥೆ ವರ್ಷಗಟ್ಟಲೆ ಅಲ್ಲೇ ಬೇರೂರಿತು. ಆ ದ್ವೀಪದ ಜೂಲಿಯನ್ ಆಲ್ಫ್ರೆಡ್ 2024ರಲ್ಲಿ ಪ್ಯಾರಿಸ್‌ನಲ್ಲಿ 100 ಮೀಟರನ್ನು 10.72 ಸೆಕೆಂಡಿನಲ್ಲಿ ಓಡಿ ದೇಶದ ಮೊದಲ ಒಲಿಂಪಿಕ್ ಪದಕವನ್ನೇ ಚಿನ್ನವಾಗಿ ತಂದಳು. ನೆಲಕ್ಕೂ ಫಲಕ್ಕೂ ನಿತ್ಯಸಂಬಂಧ ಹೇಳುವ ಶಾಸ್ತ್ರಕಾರರು ಇಲ್ಲಿ ಸುಮ್ಮನಾಗುವುದು ಲೇಸು.

ಅತ್ಯಂತ ಸೂಕ್ಷ್ಮವಾದದ್ದು ಪ್ರವೇಶಭೇದ. ಅರ್ಹತಾ ಮಟ್ಟ ಮುಟ್ಟಿದವರು ಒಬ್ಬರೂ ಇಲ್ಲದ ಒಕ್ಕೂಟವೂ ಒಬ್ಬರನ್ನಾದರೂ ಕಣಕ್ಕಿಳಿಸಬಹುದು ಎಂಬ ಉದಾರ ನಿಯಮವೊಂದಿದೆ. ಉದಾರ ನಿಯಮಗಳಿಗೂ ಬಾಲವಿರುತ್ತದೆ. 2001ರಲ್ಲಿ ಟ್ರೆವರ್ ಮಿಸಪೆಕಾ ಗುಂಡು ಎಸೆಯಲೆಂದು ಅಮೆರಿಕನ್ ಸಮೋವಾದಿಂದ ವಿಶ್ವ ಅಥ್ಲೆಟಿಕ್ಸ್ ಕೂಟಕ್ಕೆ ಎಡ್ಮಂಟನ್‌ಗೆ ಬಂದ. ಮೈತೂಕ 130 ಕಿಲೊಗೂ ಮಿಗಿಲು. ಅರ್ಹತೆಯಿಲ್ಲದವರಿಗೆ ಎಸೆತದ ಸ್ಪರ್ಧೆಗಳಲ್ಲಿ ಜಾಗವಿಲ್ಲ, ಓಡುವುದಾದರೆ ಓಡಬಹುದು ಎಂದರು. 100 ಮೀಟರ್ ಓಡಿದ: 14.28 ಸೆಕೆಂಡು. ಹತ್ತು ವರ್ಷದ ಮೇಲೆ ಡೇಗುವಿನಲ್ಲಿ ಅದೇ ಸಂಘದಿಂದ ಇನ್ನೊಬ್ಬ ಗುಂಡು ಎಸೆತಗಾರ, ಹದಿನೇಳರ ಸೊಗೆಲಾವ್ ತುವಾಲು, ಎಸೆತದಲ್ಲಿ ಅರ್ಹತೆ ಸಿಗದೆ 100 ಮೀಟರಿಗೆ ನಿಂತು 15.66ರಲ್ಲಿ ಮುಗಿಸಿದ. ಅದು ಅವನ ವೈಯಕ್ತಿಕ ಅತ್ಯುತ್ತಮ ವೇಳೆ. (ಹುಡುಗನ ಅಡ್ಡಹೆಸರು ತುವಾಲು, ಊರು ಅಮೆರಿಕನ್ ಸಮೋವಾ, ವಿದ್ಯಾರ್ಥಿಗಳು ಗಲಿಬಿಲಿಗೊಳ್ಳಬಾರದು. ಅಮೆರಿಕನ್ ಸಮೋವಾ ರಾಜ್ಯಶಾಸ್ತ್ರದ ಪ್ರಕಾರ ದೇಶವಲ್ಲ, ಅಥ್ಲೆಟಿಕ್ಸ್ ಶಾಸ್ತ್ರದ ಪ್ರಕಾರ ಹೌದು.) ಜಗತ್ತು ನಕ್ಕಿತು. ನಗಬೇಕಾದದ್ದು, ಗುಂಡು ಎಸೆಯುವವನಿಗೆ ಓಟದ ಲೇನು ಕೊಟ್ಟು ಸಮಾನತೆ ಸಾಧಿಸಿದೆವೆಂದು ಬರೆದುಕೊಂಡ ಕಡತವನ್ನು ನೋಡಿ.

ಅದೇ ಡೇಗು ಕೂಟದಲ್ಲಿ ಇನ್ನೊಂದು ಪುಟ್ಟ ದ್ವೀಪದ ಹದಿನೆಂಟರ ಹುಡುಗ 400 ಮೀಟರಿನಲ್ಲಿ ವಿಶ್ವ ಚಾಂಪಿಯನ್ ಆದ. ಅವನು ಗ್ರೆನಡಾದ ಕಿರಾನಿ ಜೇಮ್ಸ್. ಮರುವರ್ಷ ಲಂಡನ್‌ನಲ್ಲಿ 43.94ರ ಓಟದಿಂದ ಒಲಿಂಪಿಕ್ ಚಿನ್ನವೂ ಬಂತು. ಸರ್ಕಾರ ಅರ್ಧ ದಿನ ರಜೆ ಕೊಟ್ಟಿತು. ಒಂದು ಲಕ್ಷ ಚಿಲ್ಲರೆ ಜನರ ಈ ದೇಶವನ್ನು ಭಾರತೀಯರು ಮರೆಯುವಂತಿಲ್ಲ: 2022ರ ವಿಶ್ವ ಕೂಟದಲ್ಲಿ ಯೂಜೀನ್‌ನಲ್ಲಿ ನೀರಜ್ ಚೋಪ್ರಾ ಈಟಿಯನ್ನು 88.13 ಮೀಟರ್ ಎಸೆದು ಬೆಳ್ಳಿ ಪಡೆದಾಗ, ಮುಂದೆ 90.54ರಲ್ಲಿ ನಿಂತಿದ್ದವನು ಗ್ರೆನಡಾದ ಆ್ಯಂಡರ್ಸನ್ ಪೀಟರ್ಸ್.

ಇವರನ್ನು ರೂಪಿಸಿದ್ದು ಅಮೆರಿಕದ ಕಾಲೇಜುಗಳು, ಸಂಘಕ್ಕೆ ಉಳಿದದ್ದು ಹಾರ ಹಾಕುವ ಕೆಲಸ ಎನ್ನುವ ಪಂಥವೊಂದಿದೆ. ಜೇಮ್ಸ್ ಅಲಬಾಮಾದಲ್ಲಿ, ಪೀಟರ್ಸ್ ಮಿಸಿಸಿಪಿ ಸ್ಟೇಟ್‌ನಲ್ಲಿ, ಆಲ್ಫ್ರೆಡ್ ಟೆಕ್ಸಾಸ್‌ನಲ್ಲಿ ಓದಿದ್ದು ನಿಜ. ಆದರೂ ಈ ಪಂಥ ನನಗೆ ಒಪ್ಪಿಗೆಯಿಲ್ಲ. 1972ರಲ್ಲಿ ಬಾರ್ಬಡೋಸ್‌ನಲ್ಲಿ ಶುರುವಾದ ಕೆರಿಬಿಯನ್ ಕಿರಿಯರ ಕ್ಯಾರಿಫ್ಟಾ ಕೂಟಕ್ಕೆ ಪ್ರತಿ ಈಸ್ಟರ್‌ಗೆ ಶಾಲಾ ಮಕ್ಕಳನ್ನು ಆರಿಸಿ, ಟಿಕೆಟ್ಟಿಗೆ ಚಂದಾ ಎತ್ತಿ, ವಿಮಾನ ಹತ್ತಿಸುವವರು ಈ ಸಂಘದವರೇ. ಕಾಲೇಜಿನ ಕೋಚುಗಳ ಕಣ್ಣಿಗೆ ಮಕ್ಕಳು ಬೀಳುವುದು ಅಂಥಲ್ಲಿ. ಸಂಘದ ಮುಖ್ಯ ವಿದ್ಯೆ ತರಬೇತಿಯಲ್ಲ, ರವಾನೆ.

ಕೊನೆಗೆ ಯಾವ ಖಾನೆಗೂ ಕೂಡದ ಅಂಗ್ವಿಲಾ. ಅದಕ್ಕೆ ಅಥ್ಲೆಟಿಕ್ಸ್ ಒಕ್ಕೂಟವಿದೆ, ಮಹಾಸಭೆಯಲ್ಲಿ ಮತವಿದೆ, ಒಲಿಂಪಿಕ್ ಸಮಿತಿ ಮಾತ್ರ ಇಲ್ಲ. ಹೀಗಾಗಿ ಅಲ್ಲಿ ಹುಟ್ಟಿದ ಝಾರ್ನೆಲ್ ಹ್ಯೂಸ್ ಬ್ರಿಟನ್ನಿಗೆ ಓಡುತ್ತಾನೆ, 2023ರಲ್ಲಿ 9.83 ಸೆಕೆಂಡಿನ ಓಟದಿಂದ 100 ಮೀಟರಿನ ಬ್ರಿಟಿಷ್ ದಾಖಲೆ ಬರೆದ. ಇದು ದ್ವೀಪದ ಫಲವೋ ಬ್ರಿಟನ್ನಿನದೋ ಎಂದು ಪೂರ್ವಪಕ್ಷದವರು ಮತ್ತೆ ಏಳುವ ಮುನ್ನ ಒಂದು ಮಾತು: ಮೂವತ್ತು ವರ್ಷ ಆ ದಾಖಲೆ ಇಟ್ಟುಕೊಂಡಿದ್ದ ಲಿನ್‌ಫರ್ಡ್ ಕ್ರಿಸ್ಟಿ ಹುಟ್ಟಿದ್ದು ಜಮೈಕಾದಲ್ಲಿ.