ಗಾಡಿ ಈಗ ಎಲ್ಲಿದೆ?

ನಮ್ಮ ಸಾಹುಕಾರರಿಗೆ ಡೀಸೆಲ್ ಬಿಲ್ಲಿನ ಮೇಲೆ ಅನುಮಾನ ಹುಟ್ಟಿದ್ದು ಹಳೇ ಸಂಗತಿ. ಅದಕ್ಕೆ ಮದ್ದು ಸಿಕ್ಕಿದ್ದು ಮಾತ್ರ ಈಚೆಗೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ದಾಟಿ ಉಡುಪಿಯವರೆಗೂ ಬಿಸ್ಕತ್ತು, ಸೋಪು ಹೊತ್ತು ತಿರುಗುವ ನಮ್ಮ ಏಜೆನ್ಸಿಯ ಗಾಡಿಗಳಿಗೆಲ್ಲ ಜಿಪಿಎಸ್ ಹಾಕಿಸುವುದೆಂದಾಯಿತು. ಡ್ರೈವರುಗಳಿಗೆ ತಿಳಿಸುವ ಕೆಲಸ ಲೆಕ್ಕ ಬರೆಯುವ ನನ್ನ ಪಾಲಿಗೆ ಬಂತು. ಬೋನಸ್ ಹಂಚಲು ಸಾಹುಕಾರರೇ ಬರುತ್ತಾರೆ. ಇಂಥದ್ದಕ್ಕೆ ಗುಮಾಸ್ತನೇ ಆಗಬೇಕು.

“ಇದೆಲ್ಲ ನಿಮ್ಮ ಸುರಕ್ಷತೆಗೇ” ಎಂದು ಶುರು ಮಾಡಿದೆ.

“ನಮ್ಮ ಸುರಕ್ಷತೆಗಾದ್ರೆ ಮೊದ್ಲು ಹಿಂದಿನ ಟೈರು ಬದ್ಲಾಯ್ಸಿ ಸಾರ್” ಎಂದ ರುದ್ರಣ್ಣ.

ಸರ್ಕಾರವೇ 2019ರ ಜನವರಿಯಿಂದ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಇಂಥ ಪೆಟ್ಟಿಗೆ, ಜೊತೆಗೊಂದು ಪ್ಯಾನಿಕ್ ಬಟನ್ ಕಡ್ಡಾಯ ಮಾಡಿದೆ ಎಂದು ಕಾನೂನು ಹೇಳಿದೆ. “ಆ ಬಟನ್ ನಮಗೂ ಹಾಕ್ಸಿ. ಸಾಹುಕಾರ್ರು ಫೋನ್ ಮಾಡ್ದಾಗ ಒತ್ತೋಕೆ ಬೇಕು.”

ಮೇಲಿಂದ ಉಪಗ್ರಹ ಕಣ್ಣಿಟ್ಟು ನೋಡುತ್ತದೆಂಬ ಭಯ ಉಳಿದವರಿಗೆ. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಅದಕ್ಕೆ ರುದ್ರಣ್ಣನ ಗೊಡವೆಯೇ ಇಲ್ಲ. ಅದು ತನ್ನ ಗಡಿಯಾರದ ಹೊತ್ತನ್ನು ಸಾರುತ್ತಾ ಹೋಗುತ್ತದೆ, ಅಷ್ಟೆ. ಅಂಥ ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದು ಗಾಡಿಯೊಳಗಿನ ಪೆಟ್ಟಿಗೆ. ಅದನ್ನು ನಮಗೆ ಮುಟ್ಟಿಸುವುದು ಅದರೊಳಗಿನ ಸಿಮ್ಮು.

“ಅಂದ್ರೆ ಚಾಡಿ ಹೇಳೋದು ಸಿಮ್ಮು” ಎಂದು ರುದ್ರಣ್ಣ ಒಂದೇ ಮಾತಲ್ಲಿ ಮುಗಿಸಿದ.

ಸಾಹುಕಾರರು ಕ್ಯಾಶ್ ಎಣಿಸುವುದನ್ನೂ ಬಿಟ್ಟು ಮೊಬೈಲಿನ ಚುಕ್ಕಿಗಳನ್ನೇ ನೋಡತೊಡಗಿದರು. ಒಂದು ಮಧ್ಯಾಹ್ನ ಚುಕ್ಕಿ ಆಗುಂಬೆಯಲ್ಲಿ ನಿಂತೇಬಿಟ್ಟಿತು. “ಸೂರ್ಯಾಸ್ತ ನೋಡ್ಕೊಂಡೇ ಬರ್ತಾನೇನ್ರೀ?” ಎಂದು ಚಡಪಡಿಸುತ್ತಿದ್ದಂತೆ ಅದು ಘಾಟಿಯನ್ನು ಒಂದೇ ನೆಗೆತಕ್ಕೆ ಇಳಿದು ಸೋಮೇಶ್ವರದಲ್ಲಿ ಪ್ರತ್ಯಕ್ಷವಾಯಿತು. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ. ಪೆಟ್ಟಿಗೆ ಎಲ್ಲ ತಿರುವುಗಳನ್ನೂ ಕೂಡಿಟ್ಟುಕೊಂಡು ಕೆಳಗೆ ಸಿಗ್ನಲ್ ಸಿಕ್ಕಿದ ಮೇಲೆ ಒಟ್ಟಿಗೆ ಕಕ್ಕಿತ್ತು. ಇನ್ನೊಂದು ರಾತ್ರಿ, ಗೋದಾಮಿನಲ್ಲಿ ಬೀಗ ಹಾಕಿ ನಿಲ್ಲಿಸಿದ್ದ ಗಾಡಿ ಪಕ್ಕದ ಕಲ್ಯಾಣಮಂಟಪಕ್ಕೆ ಹೋಗಿ ಬಂದಿದ್ದು ದಾಖಲಾಯಿತು. ತಗಡಿನ ಶೀಟುಗಳಿಗೆ ಸಿಗ್ನಲ್ ಬಡಿದು ಹೊರಳಿದರೆ ಹೀಗಾಗುತ್ತದಂತೆ. “ನಮ್ಮನ್ ಬಿಟ್ಟು ಅದೊಂದೇ ಊಟಕ್ಕೆ ಹೋಗಿತ್ತು ನೋಡಿ” ಎಂದು ಡ್ರೈವರುಗಳು ಬೇಜಾರು ಮಾಡಿಕೊಂಡರು.

ತೀರ್ಥಹಳ್ಳಿ ದಾಟಿ ಯಾಕೆ ನಿಂತಿದ್ದೀಯ ಎಂದು ಕೇಳಿದರೆ, “ಒಂದಕ್ಕೆ ಸಾರ್, ಬರ್ಕೊಳ್ಳಿ” ಎಂಬ ಉತ್ತರ ಬರುತ್ತಿತ್ತು. ಬರೆದುಕೊಳ್ಳಲು ಕಾಲಂ ಇರಲಿಲ್ಲ.

ತಿಂಗಳ ಕೊನೆಗೆ ರುದ್ರಣ್ಣ ಆಫೀಸಿಗೆ ಬಂದ. “ರಿಪೋರ್ಟ್ ಪ್ರಿಂಟ್ ತೆಗೀರಿ ಸಾರ್.” ತೆಗೆದೆ. ಉಡುಪಿಯ ಹೋಲ್‌ಸೇಲ್ ಅಂಗಡಿಯೆದುರು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡೂಕಾಲರವರೆಗೆ ಗಾಡಿ ನಿಂತಿದೆ, ಇಂಜಿನ್ ಆಫ್. ಲೋಡ್ ಇಳಿಸಿಕೊಳ್ಳುವವರಿಲ್ಲದೆ ಕಾದೆ ಎಂದು ಅವನು ವರ್ಷಗಟ್ಟಲೆ ಹೇಳುತ್ತಿದ್ದ. ಎಲ್ಲೋ ಮಲಗಿ ಎದ್ದು ಬಂದಿದ್ದಾನೆಂದು ನಾವು ವರ್ಷಗಟ್ಟಲೆ ನಗುತ್ತಿದ್ದೆವು. ರಾತ್ರಿ ಒಂಬತ್ತೂವರೆಗೆ ಗೋದಾಮಿಗೆ ವಾಪಸು ಬಂದದ್ದೂ ಇತ್ತು. ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದು, “ಓಟಿ” ಎಂದಷ್ಟೇ ಬರೆದು ನನ್ನ ಮುಂದಿಟ್ಟ. ಮಿಕ್ಕ ಡ್ರೈವರುಗಳು ಬಾಗಿಲಾಚೆ ಸಾಲಾಗಿ ನಿಂತಿದ್ದರು.

ಡೀಸೆಲ್ಲಿನಲ್ಲಿ ಉಳಿದದ್ದು ಓಟಿಗೂ ಸಾಲದೆಂದು ಲೆಕ್ಕ ತೋರಿಸಿದೆ. ಸಾಹುಕಾರರು ಬಾಗಿಲು ಮುಂದಕ್ಕೆ ಮಾಡಿ ದನಿ ತಗ್ಗಿಸಿದರು: “ಏನ್ರೀ, ಇದನ್ನ ಸಂಜೆ ಆರರ ಮೇಲೆ ಆಫ್ ಮಾಡ್ಬಹುದಾ ಕೇಳ್ನೋಡಿ.”

ಫಿಟ್ಟಿಂಗ್ ಮಾಡಿದ ಹುಡುಗನಿಗೆ ಫೋನ್ ಹಚ್ಚಿದೆ.

“ಮಾಡ್ಬಹುದು ಸಾರ್. ಆದ್ರೆ ಆಫ್ ಮಾಡಿದ್ದೂ ರಿಪೋರ್ಟಲ್ಲಿ ಬರತ್ತೆ.”