ಗೋಕರ್ಣ ಕಡಲಂಚಿನ ಚಾರಣ: ತಾತ್ವಿಕ ನೆಲೆ, ನೆಲೆಗಟ್ಟು ಹಾಗೂ ಮೊಣಕಾಲು

ಕುಮಟಾ ತಾಲ್ಲೂಕಿನ ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಕಡಲತೀರಗಳಿವೆ. ಇವುಗಳ ನಡುವೆ ಮನುಷ್ಯರು ಬೆವರು ಸುರಿಸುತ್ತ ಏಕೆ ಅಲೆಯುತ್ತಾರೆ ಎಂಬುದನ್ನು 'ಪಾದಚಲನೆಯ ಸಂಕಥನ'ದ ನೆಲೆಗಟ್ಟಿನಲ್ಲಿ ಅನುಸಂಧಾನಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧವಾಗಿದೆ. 'ಸುಮ್ಮನೆ ತಿರುಗಾಡಲು ಹೋಗುತ್ತಾರೆ' ಎಂಬ ಉತ್ತರ ಈಗಾಗಲೇ ಲಭ್ಯವಿದ್ದರೂ ಅದಕ್ಕೆ ಪ್ರಯಾಣ ಭತ್ಯೆ ಮಂಜೂರಾಗದ ಕಾರಣ ಅದನ್ನಿಲ್ಲಿ ನಿರಾಕರಿಸಲಾಗಿದೆ.

ಪೂರ್ವಾಧ್ಯಯನ ಸಮೀಕ್ಷೆ. ಕರಾವಳಿಯ ಕುರಿತ ವಿಚಾರಸಂಕಿರಣವೊಂದರಲ್ಲಿ ಮುಖ್ಯ ಭಾಷಣಕಾರರು 'ತೀರವೆಂಬುದಿಲ್ಲ, ಇರುವುದು ತೀರತ್ವ ಮಾತ್ರ' ಎಂದು ಊಟದ ಹೊತ್ತು ಮೀರುವವರೆಗೂ ಪ್ರತಿಪಾದಿಸಿದರು. ಕಡಲು ಹತ್ತಿರದಲ್ಲೇ ಇತ್ತು; ಅಲೆಗಳ ಸದ್ದು ಮೈಕಿಗೆ ಅಡ್ಡಿಯಾಗುತ್ತದೆಂದು ಕಿಟಕಿ ಮುಚ್ಚಿಸಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೀನುಗಾರರೊಬ್ಬರು ತೂಕಡಿಸಿದ್ದು ವರದಿಯಲ್ಲಿ 'ಅಂಚಿನ ಸಮುದಾಯದ ಮೌನ ಪ್ರತಿರೋಧ' ಎಂದು ದಾಖಲಾಗಿದೆ. ಪಾಪ, ಅವರು ರಾತ್ರಿಯಿಡೀ ದೋಣಿಯಲ್ಲಿದ್ದು ಬಂದಿದ್ದರು.

ಭೌತಿಕ ಅಡಿಪಾಯ. ಇಲ್ಲಿ ಗುಡ್ಡಗಳು ನೇರವಾಗಿ ನೀರಿನವರೆಗೆ ಇಳಿದಿವೆ. ಕಡಲಿಗೆ ಚಾಚಿದ ಒಂದೊಂದು ಗುಡ್ಡದ ಮೂತಿಯೂ ಒಂದು ತೀರವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಈ ವಿದ್ಯಮಾನವನ್ನು ನಾವು 'ಉಚ್ಛ್ವಾಸಾತ್ಮಕ ವಿಭಜನೆ' ಎಂದು ಕರೆಯೋಣ, ಏಕೆಂದರೆ ಹತ್ತುವಾಗ ಏದುಸಿರು ಬರುತ್ತದೆ. ಕುಡ್ಲೆಗೂ ಓಂಗೂ ವಾಹನ ಹೋಗುವ ದಾರಿಯಿದ್ದರೂ ಹಾಫ್ ಮೂನ್ ಮತ್ತು ಪ್ಯಾರಡೈಸ್‌ಗೆ ಕಾಲುದಾರಿ, ಇಲ್ಲವೇ ದೋಣಿ. ಮೇಲೆ ಕೆಂಪು ಚಿರೆಕಲ್ಲಿನ ಬೋಳು ಹಾಸು. ಏಪ್ರಿಲ್ ಬಿಸಿಲಿಗೆ ಕಾದ ದೋಸೆಕಾವಲಿ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುಬಂಡಿ. ಸಂಕಥನವು ಇಲ್ಲಿ ಮೊಣಕಾಲಿಗೆ ಸ್ಥಳಾಂತರಗೊಳ್ಳುತ್ತದೆ.

ಆದರೂ ಹಾಫ್ ಮೂನ್‌ಗೆ ಇಳಿಯುವ ಮುನ್ನ, ತಿರುವಿನಲ್ಲಿ ಒಮ್ಮೆಗೇ ಕೆಳಗೆ ಕಡಲು ಕಾಣುತ್ತದಲ್ಲ, ಅದರ ಬಗ್ಗೆ ಯಾವ ಸಿದ್ಧಾಂತವೂ ನನ್ನ ಬಳಿಯಿಲ್ಲ. ಮುಂದಕ್ಕೆ ಹೋಗೋಣ.

ಚಾರಣಿಗರ ವರ್ಗೀಕರಣ. ಚಾರಣಿಗರನ್ನು ಹನ್ನೊಂದು ವರ್ಗಗಳಾಗಿ ವಿಂಗಡಿಸಬಹುದು. ಒಂದು, ಪೂರ್ವಸ್ವೇದರು: ಹೊರಡುವ ಮೊದಲೇ ಸುಸ್ತಾದವರು. ಎರಡು, ಸ್ವಬಿಂಬಾನುಸಂಧಾನಿಗಳು: ಕಡಲಿಗೆ ಬೆನ್ನು ಹಾಕಿ ಮೊಬೈಲಿನಲ್ಲಿ ಕಡಲನ್ನು ನೋಡುವವರು. ಮೂರು, ಹವಾಯಿ ಚಪ್ಪಲಿಯ ಅಸ್ತಿತ್ವವಾದಿಗಳು. ನಾಲ್ಕು, ಬಾಟಲಿ ತರುವವರು. ಐದು, ಆ ಬಾಟಲಿಯನ್ನು ಬಂಡೆಗೆ ಅಪ್ಪಳಿಸಿ ಒಡೆಯುವವರು. ಆರರಿಂದ ಹನ್ನೊಂದರವರೆಗೆ ಬರೆಯಲು ಮನಸ್ಸಿಲ್ಲ. ಇಲ್ಲಿ ಬಲೆ ಎಳೆಯುವವರು ಬರಿಗಾಲಲ್ಲಿ ಎಳೆಯುತ್ತಾರೆ. ಬಂಡೆಗೆ ಅಂಟಿದ ಚಿಪ್ಪಿ ಬಿಡಿಸುವ ಹೆಂಗಸರೂ ಬರಿಗಾಲಲ್ಲೇ ನಡೆಯುತ್ತಾರೆ. ಒಡೆದ ಗಾಜಿಗೆ ಯಾವ ವರ್ಗೀಕರಣ ಬೇಕು?

ಅಪಾಯದ ಸಂಕಥನ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಅದು ಇಕ್ಕಟ್ಟಾದ ಒಂದು ಜಾಡು ಹಿಡಿದು ರಭಸದಿಂದ ಒಳಕ್ಕೆ ಓಡುತ್ತದೆ. ಬಂಡೆಯ ಬದಿಯಲ್ಲಂತೂ ಇಂಥ ಜಾಡುಗಳು ಸಾಮಾನ್ಯ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಕೆರೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಅದೇ ಶಾಂತವಾದ ಜಾಗ ಎನ್ನಿಸುತ್ತದೆ, ಅಲ್ಲಿಗೇ ಇಳಿಯುತ್ತೇವೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಸಂಕಿರಣದ ಮೂರು ಗೋಷ್ಠಿಗಳಲ್ಲಿ, ಸಮಾರೋಪದಲ್ಲಿ, ವಂದನಾರ್ಪಣೆಯಲ್ಲಿ ಯಾರೂ ಹೇಳಲಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಗೋಕರ್ಣ ಇರುವ ಜಿಲ್ಲೆಯದೇ ಆದ ಮುರುಡೇಶ್ವರದಲ್ಲಿ ಮುಳುಗಿ ಸತ್ತರು. ಕಡಲು ಎಷ್ಟೋ ದೂರವಿರುವ ಊರಿನ ಮಕ್ಕಳು. ನೀರು ಕಂಡ ಖುಷಿಗೆ ಇಳಿದಿದ್ದಾರು, ಅಷ್ಟೆ. ಅವರಿಗೆ ತೀರತ್ವ ಬೇಕಿರಲಿಲ್ಲ. ಬಸ್ಸು ಹತ್ತುವ ಮೊದಲು ಕಡಲಿನ ಬಗ್ಗೆ ನೆಟ್ಟಗೆ ನಾಲ್ಕು ಮಾತು ಬೇಕಿತ್ತು. ದಡದಲ್ಲಿ ಹಗ್ಗ, ಸೀಟಿ, ಈಜು ಬಲ್ಲ ಸಾಕಷ್ಟು ಜನ ಬೇಕಿತ್ತು. ನಮ್ಮಲ್ಲಿ ಸಾವಿನ ನಂತರ ಕೆಲವು ದಿನ ತೀರಕ್ಕೆ ಬೀಗ, ಆಮೇಲೆ ಅದೇ ಜಾತ್ರೆ.

ಉಪಸಂಹಾರ ಬರೆಯಬೇಕಿತ್ತು, ಬೇಡ. ಹೋಗುವವರಲ್ಲಿ ಇಷ್ಟೇ ಕೋರಿಕೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡದ ಮೇಲಿಂದಲೇ ಕಡಲು ನೋಡಿ. ಬೇರೆ ದಿನಗಳಲ್ಲೂ ಕೆಂಪು ಬಾವುಟ ಕಂಡರೆ, ಅಥವಾ ಊರಿನ ಮೀನುಗಾರರು ಬೇಡವೆಂದರೆ, ಇಳಿಯಬೇಡಿ. ನೀರು ಒಳಕ್ಕೆ ಎಳೆದರೆ ಅದರ ವಿರುದ್ಧ ದಡದ ಕಡೆ ಈಜಿ ಸುಸ್ತಾಗಬೇಡಿ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಮತ್ತೆ, ಬಾಟಲಿಯನ್ನು ತಂದ ಚೀಲದಲ್ಲೇ ವಾಪಸು ಒಯ್ಯಿರಿ.